ಏಳು ದಿನದ ಜೀವ ಮತ್ತು ಶ್ರಾವಕನ ಹೊಣೆ

ದಾವಣಗೆರೆ ಎಂಬ ಹೆಸರು ದನ ಕಟ್ಟುವ ದಾವಣಿಯಿಂದ ಬಂದಿತೆಂದು ಊರಿನ ಹಿರಿಯರು ಹೇಳುತ್ತ ಬಂದಿದ್ದಾರೆ. ವಿದ್ವಾಂಸರು ಈ ಮಾತನ್ನು ಒಪ್ಪಲಿ, ಬಿಡಲಿ. ಈ ಊರಿಗೂ ಇಲ್ಲಿಂದ ಸುಮಾರು 14 ಕಿಲೋಮೀಟರು ದೂರದ ಹರಿಹರಕ್ಕೂ ಗೋಸಂಪತ್ತಿನೊಡನೆ ಇರುವ ನಂಟು ಮಾತ್ರ ಹಳೆಯದು. ತುಂಗಭದ್ರೆಯ ದಡದ ಮತ್ತು ಭದ್ರಾ ನಾಲೆಯ ಬಯಲಿನ ಹಳ್ಳಿಗಳಲ್ಲಿ ಬೆಳೆ ಕೈಕೊಟ್ಟ ವರ್ಷ ಸಂಸಾರವನ್ನು ದಡ ಸೇರಿಸುವುದು ಹಟ್ಟಿಯ ಹಸುವೇ. ಪೇಟೆಯ ಜೈನ ಮನೆಗಳಲ್ಲಿಯೂ ಹಾಲು, ಮೊಸರು, ತುಪ್ಪಗಳು ನಿತ್ಯದ ಆಹಾರ. ಬಸದಿಯ ಅಭಿಷೇಕಕ್ಕೂ ಹಾಲು ಬೇಕು. ಹಾಲನ್ನು ಸ್ವೀಕರಿಸುವ ಸಮಾಜವು ಆ ಹಾಲು ಕೊಡುವ ಜೀವ ಹೇಗೆ ಹುಟ್ಟಿತು ಎಂಬುದನ್ನೂ ವಿಚಾರಿಸಬೇಕಾದ ಕಾಲ ಈಗ ಬಂದಿದೆ.

ಗೋವಿನ ಕುರಿತು ವಿಚಾರ ಮಾಡುವುದು ಕನ್ನಡ ನಾಡಿನ ಜೈನರಿಗೆ ಹೊಸತಲ್ಲ. ಚಾಲುಕ್ಯ ರಾಜಕುಮಾರನೂ ಜೈನನೂ ಆಗಿದ್ದ ಕೀರ್ತಿವರ್ಮನು ಸುಮಾರು ಕ್ರಿ.ಶ. 1125ರಲ್ಲಿ ‘ಗೋವೈದ್ಯ’ವನ್ನು ರಚಿಸಿದನು. ಅರಮನೆಯಲ್ಲಿ ಹುಟ್ಟಿದವನು ಮಾತು ಬಾರದ ಪಶುವಿನ ನೋವನ್ನು ಗ್ರಂಥಕ್ಕೆ ವಿಷಯವಾಗಿ ಆರಿಸಿಕೊಂಡನೆಂಬುದು ಸಣ್ಣ ಸಂಗತಿಯಲ್ಲ. ಆದರೆ ಅವನ ಕಾಲದಲ್ಲಿ ಕರುವಿನ ಬದುಕು ತಾಯಿಯ ಗರ್ಭದಲ್ಲಿಯೇ ಆರಂಭವಾಗುತ್ತಿತ್ತು. ಇಂದು ಅದು ಗಾಜಿನ ತಟ್ಟೆಯಲ್ಲಿಯೂ ಆರಂಭವಾಗಬಲ್ಲದು.

ದೇಹದ ಹೊರಗೆ ಫಲಿತವಾದ ಮೊದಲ ಕರು 1981ರಲ್ಲಿ ಅಮೆರಿಕೆಯಲ್ಲಿ ಹುಟ್ಟಿತು. ಭಾರತದಲ್ಲಿ 1990ರಲ್ಲಿ ಕರ್ನಾಲಿನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಲ್ಲಿ ಇದೇ ವಿಧಾನದಿಂದ ‘ಪ್ರಥಮ್’ ಎಂಬ ಎಮ್ಮೆಯ ಕರು ಜನಿಸಿತು. 2014ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ದೇಶಿ ತಳಿಗಳ ಅಭಿವೃದ್ಧಿಗಾಗಿ ರಾಷ್ಟ್ರೀಯ ಗೋಕುಲ ಮಿಷನ್ ಎಂಬ ಯೋಜನೆಯನ್ನು ಆರಂಭಿಸಿತು. ಅನಂತರ ಪ್ರಯೋಗಾಲಯದ ಭ್ರೂಣದಿಂದ ಹಸು ಗಬ್ಬವಾದರೆ ರೈತನಿಗೆ ಸಹಾಯಧನ ನೀಡುವ ಕಾರ್ಯಕ್ರಮವೂ ಅದರಲ್ಲಿ ಸೇರಿತು. ಉದ್ದೇಶ ಸ್ಪಷ್ಟವಾಗಿದೆ. ಒಳ್ಳೆಯ ಹಸುವೊಂದು ತನ್ನ ಆಯುಷ್ಯದಲ್ಲಿ ಕೆಲವೇ ಕರುಗಳನ್ನು ಹೆರುತ್ತದೆ; ಈ ವಿಧಾನದಿಂದ ಅದೇ ಹಸುವಿನ ಅಂಡಗಳಿಂದ ಬೇರೆ ಹಸುಗಳ ಗರ್ಭದಲ್ಲಿ ಅನೇಕ ಕರುಗಳನ್ನು ಪಡೆಯಬಹುದು.

ಕೆಲಸ ನಡೆಯುವ ಕ್ರಮ ಹೀಗಿದೆ. ಹಸುವಿನ ಅಂಡಾಶಯದಿಂದ ಸೂಜಿಯ ಮೂಲಕ ಅಂಡಗಳನ್ನು ತೆಗೆದು, ಪಕ್ವಗೊಳಿಸಿ, ವೀರ್ಯದೊಡನೆ ಸೇರಿಸಿ, ಫಲಿತವಾದವುಗಳನ್ನು ಪೋಷಕ ದ್ರವದ ಹನಿಗಳಲ್ಲಿ ಸುಮಾರು ಏಳು ದಿನ ಬೆಳೆಸುತ್ತಾರೆ. ಉಷ್ಣತೆ 38.5 ಡಿಗ್ರಿ ಸೆಲ್ಸಿಯಸ್. ಇಂಗಾಲದ ಡೈಆಕ್ಸೈಡು ಶೇಕಡಾ 5ರಷ್ಟು. ವಾತಾವರಣದಲ್ಲಿ ಆಮ್ಲಜನಕ ಶೇಕಡಾ 21ರಷ್ಟಿದ್ದರೂ ತಾಯಿಯ ಅಂಡನಾಳದಲ್ಲಿ ಅದು ಬಹಳ ಕಡಿಮೆ. ಆದಕಾರಣ ಅನೇಕ ಪ್ರಯೋಗಾಲಯಗಳಲ್ಲಿ ಅದನ್ನು ಶೇಕಡಾ 5ಕ್ಕೆ ಇಳಿಸುತ್ತಾರೆ. ಏಳನೆಯ ದಿನದ ಭ್ರೂಣವನ್ನು ಇನ್ನೊಂದು ಹಸುವಿನ ಗರ್ಭಕೋಶಕ್ಕೆ ಸೇರಿಸುತ್ತಾರೆ. ಸುಮಾರು 280 ದಿನಗಳ ಬಸಿರಿನಲ್ಲಿ ಏಳು ದಿನ ಯಾವ ಲೆಕ್ಕ ಎಂದು ಯಾರಾದರೂ ಕೇಳಬಹುದು. ಆ ಏಳು ದಿನಗಳಲ್ಲಿಯೇ ದೊಡ್ಡ ಲೆಕ್ಕವೊಂದು ಅಡಗಿದೆಯೆಂದು ಕಳೆದ ಮೂವತ್ತು ವರ್ಷಗಳ ಸಂಶೋಧನೆ ತಿಳಿಸಿದೆ.

ಇದನ್ನು ವ್ಯಾಪಾರಿಯ ಖಾತೆ ಪುಸ್ತಕದ ಮೂಲಕ ತಿಳಿಯಬಹುದು. ಪುಸ್ತಕದಲ್ಲಿ ಬರೆದ ಮೊಬಲಗು, ಹೆಸರು, ತಾರೀಖು ಬದಲಾಗುವುದಿಲ್ಲ. ಆದರೆ ಅಂಚಿನಲ್ಲಿ ‘ಪಾವತಿ ಮಾಡಬೇಕು’, ‘ತಡೆಹಿಡಿಯಬೇಕು’ ಎಂದು ಷರಾ ಬರೆದಿರುತ್ತದೆ. ಗುಮಾಸ್ತನು ಷರಾ ನೋಡಿಯೇ ನಡೆಯುತ್ತಾನೆ. ಜೀವಕೋಶದಲ್ಲಿ ವಂಶವಾಹಿಗಳು ಮೂಲ ಬರಹ. ಅವುಗಳ ಮೇಲೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತುಗಳು ಅಂಟಿಕೊಂಡು, ಯಾವ ವಂಶವಾಹಿ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಗೊತ್ತುಪಡಿಸುತ್ತವೆ. ಈ ಷರಾಗಳ ಅಧ್ಯಯನಕ್ಕೆ ಎಪಿಜೆನೆಟಿಕ್ಸ್ ಎಂದು ಹೆಸರು. ಅಂಡ ಫಲಿತವಾದ ಮೊದಲ ದಿನಗಳಲ್ಲಿ ಹಳೆಯ ಷರಾಗಳಲ್ಲಿ ಬಹುಪಾಲು ಅಳಿಸಿಹೋಗಿ ಹೊಸವು ಬರೆಯಲ್ಪಡುತ್ತವೆ. ಹಸುವಿನ ಭ್ರೂಣವು 8ರಿಂದ 16 ಕೋಶಗಳಾಗಿರುವಾಗ ಅದರ ಸ್ವಂತ ವಂಶವಾಹಿಗಳು ಪೂರ್ಣವಾಗಿ ಎಚ್ಚೆತ್ತು ಕೆಲಸಕ್ಕೆ ತೊಡಗುತ್ತವೆ. ಕೆಲವು ಷರಾಗಳು ಮಾತ್ರ ತಂದೆಯ ಅಥವಾ ತಾಯಿಯ ಮುದ್ರೆಯಾಗಿದ್ದು, ಅಳಿಸುವ ಈ ಗದ್ದಲದಲ್ಲಿಯೂ ಉಳಿಯಲೇಬೇಕು. ಈ ಸೂಕ್ಷ್ಮ ಕಾರ್ಯ ನಡೆಯುವುದು ಭ್ರೂಣ ತಟ್ಟೆಯಲ್ಲಿರುವ ಏಳು ದಿನಗಳಲ್ಲಿಯೇ.

1990ರ ದಶಕದಲ್ಲಿ ಹೀಗೆ ಬೆಳೆಸಿದ ಕರುಗಳಲ್ಲಿ ಮತ್ತು ಕುರಿಮರಿಗಳಲ್ಲಿ ಕೆಲವು ವಿಪರೀತ ಗಾತ್ರದಲ್ಲಿ ಹುಟ್ಟುತ್ತಿದ್ದುದು ಕಂಡುಬಂದಿತು. ನಾಲಿಗೆ ದಪ್ಪ, ಹೊಕ್ಕುಳಲ್ಲಿ ಅಂಡವಾಯು, ಉಸಿರಾಟಕ್ಕೆ ತೊಂದರೆ. ಹೆರುವ ಹಸುವಿಗೆ ಪ್ರಾಣಾಂತಿಕ ವೇದನೆ. ಪೋಷಕ ದ್ರವಕ್ಕೆ ಬೆರೆಸುತ್ತಿದ್ದ ಸೀರಂ, ಎಂದರೆ ರಕ್ತದ ತಿಳಿಭಾಗ, ಇದಕ್ಕೆ ಪ್ರಮುಖ ನಿಮಿತ್ತಗಳಲ್ಲೊಂದೆಂದು ತಿಳಿದುಬಂದಿತು. 2001ರಲ್ಲಿ ಸ್ಕಾಟ್ಲೆಂಡಿನ ರಾಸ್ಲಿನ್ ಸಂಸ್ಥೆಯ ವಿಜ್ಞಾನಿಗಳು, ಹೀಗೆ ಅತಿಯಾಗಿ ಬೆಳೆದ ಕುರಿಯ ಭ್ರೂಣಗಳಲ್ಲಿ ಬೆಳವಣಿಗೆಗೆ ಕಡಿವಾಣ ಹಾಕುವ ವಂಶವಾಹಿಯೊಂದರ ಮೀಥೈಲ್ ಗುರುತುಗಳು ಕುಂದಿದ್ದುದನ್ನು ತೋರಿಸಿದರು. 2013ರಲ್ಲಿ ಅಮೆರಿಕೆಯ ಮಿಸ್ಸೂರಿ ವಿಶ್ವವಿದ್ಯಾಲಯದವರು ದನದ ಭ್ರೂಣಗಳಲ್ಲಿಯೂ ಇಂಥ ಮುದ್ರೆ ಅಳಿಸಿರುವುದನ್ನು ಪ್ರಕಟಿಸಿದರು. ಬರಹ ಕೆಟ್ಟಿರಲಿಲ್ಲ, ಷರಾ ಕೆಟ್ಟಿತ್ತು. ಹೀಗೆ ಹುಟ್ಟುವ ಕರುಗಳಲ್ಲಿ ಬಹುಪಾಲು ಆರೋಗ್ಯವಾಗಿಯೇ ಇರುತ್ತವೆ ಎಂಬುದನ್ನೂ, ಸಹಜವಾಗಿ ಗರ್ಭ ಕಟ್ಟಿದಾಗಲೂ ಈ ದೋಷ ಅಪರೂಪಕ್ಕೆ ಕಾಣಿಸುತ್ತದೆ ಎಂಬುದನ್ನೂ ಇಲ್ಲಿ ಹೇಳಲೇಬೇಕು.

ಹಾಗಾದರೆ ಆ ಕರುವಿನ ಮತ್ತು ಆ ತಾಯಿಯ ಸಂಕಟಕ್ಕೆ ಹೊಣೆ ಯಾರು?

ಜೈನದರ್ಶನವು ಪ್ರತಿಯೊಂದು ಕಾರ್ಯಕ್ಕೂ ಉಪಾದಾನ ಮತ್ತು ನಿಮಿತ್ತ ಎಂಬ ಎರಡು ಕಾರಣಗಳನ್ನು ಹೇಳುತ್ತದೆ. ಹರಿಹರದ ಬಯಲಿನ ರೈತನಿಗೆ ಈ ತತ್ತ್ವ ಪುಸ್ತಕವಿಲ್ಲದೆಯೇ ಗೊತ್ತು. ಒಂದೇ ಚೀಲದ ಭತ್ತದ ಬೀಜವನ್ನು ಎರಡು ಸಸಿಮಡಿಗಳಲ್ಲಿ ಚೆಲ್ಲಿ, ಒಂದಕ್ಕೆ ನೀರು ಗೊಬ್ಬರಗಳನ್ನು ಹದವಾಗಿಯೂ ಇನ್ನೊಂದಕ್ಕೆ ಅತಿಯಾಗಿಯೂ ಕೊಟ್ಟರೆ ನಾಟಿಯ ಹೊತ್ತಿಗೆ ಎರಡೂ ಒಂದೇ ಆಗಿರುವುದಿಲ್ಲ. ಬೀಜವು ಉಪಾದಾನ, ಮಡಿಯು ನಿಮಿತ್ತ. ಎಲ್ಲವೂ ಉಪಾದಾನದಲ್ಲಿಯೇ ಇದೆಯೆಂದು ಏಕಾಂತವಾಗಿ ಹಿಡಿದವನು ‘ಅದು ಆ ಕರುವಿನ ಕರ್ಮ’ ಎಂದು ಕೈ ತೊಳೆದುಕೊಳ್ಳುತ್ತಾನೆ. ಎಲ್ಲವೂ ನಿಮಿತ್ತದಲ್ಲಿಯೇ ಇದೆಯೆಂದು ಹಿಡಿದವನು ಜೀವವನ್ನು ತಾನು ಎರೆದ ಅಚ್ಚಿನ ಗೊಂಬೆಯೆಂದು ಭಾವಿಸುತ್ತಾನೆ. ಎರಡೂ ಅನೇಕಾಂತಕ್ಕೆ ದೂರ. ಕರುವಿನ ಕರ್ಮ ಕರುವಿನದು. ನಿಮಿತ್ತನಾದವನ ಭಾವ ಮತ್ತು ಎಚ್ಚರಿಕೆಗಳ ಫಲ ಅವನದು. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಇಲ್ಲಿ ಒಂದು ಉತ್ಸಾಹವನ್ನು ತಡೆಯಬೇಕಾಗಿದೆ. ಮೀಥೈಲ್ ಗುರುತುಗಳೇ ಕರ್ಮಪುದ್ಗಲಗಳೆಂದೂ, ಯೋನಿಗಳನ್ನು ಶೀತ, ಉಷ್ಣ, ಸಂವೃತ, ವಿವೃತ ಮುಂತಾಗಿ ವಿಂಗಡಿಸಿದ ತತ್ತ್ವಾರ್ಥಸೂತ್ರವು ಪ್ರಯೋಗಾಲಯವನ್ನು ಮೊದಲೇ ಕಂಡಿತ್ತೆಂದೂ ಹೇಳಲು ನಾಲಿಗೆ ತವಕಿಸಬಹುದು. ಅದು ಆಗಮಕ್ಕೂ ಗೌರವವಲ್ಲ, ವಿಜ್ಞಾನಕ್ಕೂ ಅಲ್ಲ. ಕರ್ಮವು ಜೀವದ ಕಷಾಯ ಮತ್ತು ಯೋಗಗಳಿಂದ ಬರುವುದು. ಮೀಥೈಲು ಔದಾರಿಕ ಶರೀರದ ಒಂದು ಅಂಶ ಮಾತ್ರ. ಆಚಾರ್ಯರಿಂದ ಪಡೆಯಬೇಕಾದುದು ರಸಾಯನಶಾಸ್ತ್ರವನ್ನಲ್ಲ, ವಿವೇಕವನ್ನು.

ಆ ವಿವೇಕ ಏನು ಹೇಳುತ್ತದೆ? ಉಮಾಸ್ವಾಮಿ ಆಚಾರ್ಯರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನು ಇರಿಸಿದ್ದಾರೆ. ಈ ಮಾತಿನಿಂದ ಒಂದು ಮುಖ್ಯ ಭೇದ ಹೊರಡುತ್ತದೆ. ಸೀರಂ ಭ್ರೂಣಕ್ಕೆ ಕೆಡುಕಾಗಬಹುದೆಂದು ಯಾರಿಗೂ ತಿಳಿಯದಿದ್ದ ಕಾಲದಲ್ಲಿ ಅದನ್ನು ಬಳಸಿದವನು ಭ್ರೂಣಕ್ಕೆ ಒಳ್ಳೆಯ ಪೋಷಣೆ ಸಿಗಲೆಂದೇ ಬಳಸಿದನು. ಭ್ರೂಣಗಳು ಬೇಗ ಬೆಳೆದುದನ್ನು ಕಂಡು ಹಿಗ್ಗಿದನು. ಅದೇ ಕೆಲಸವನ್ನು ತಿಳಿದ ಮೇಲೂ, ತಟ್ಟೆಯಲ್ಲಿ ಹೆಚ್ಚು ಭ್ರೂಣ ದಕ್ಕಲೆಂದು ಮುಂದುವರಿಸಿದರೆ ಅದು ಪ್ರಮಾದ. ಹಾಗೆಯೇ ತಿಳಿಯಲು ದಾರಿಯಿದ್ದರೂ ಕೇಳದೆ ಉಳಿದವನ ಅಜ್ಞಾನವೂ ಪ್ರಮಾದವೇ ಆಗಿದೆ. ತೂಕದ ಕಲ್ಲು ಸವೆದಿದೆಯೆಂಬ ಅನುಮಾನ ಬಂದ ಮೇಲೂ ಪರೀಕ್ಷಿಸದ ವರ್ತಕನು ‘ನನಗೆ ಗೊತ್ತಿರಲಿಲ್ಲ’ ಎಂದರೆ ಯಾರು ಒಪ್ಪುತ್ತಾರೆ?

ಸೀರಮ್ಮಿನ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಭ್ರೂಣ ಸೀರಂ ಎಂಬುದು ವಧೆಯಾದ ಗಬ್ಬದ ಹಸುವಿನ ಹೊಟ್ಟೆಯಲ್ಲಿದ್ದ ಕರುವಿನ ರಕ್ತದಿಂದ ತೆಗೆದದ್ದು. ಹಿಂಸೆಯಿಂದ ಬಂದ ವಸ್ತುವೇ ಕೊನೆಗೆ ಕೆಡುಕಾಯಿತಲ್ಲ ಎಂದು ಸಮಾಧಾನ ಪಡುವುದು ಸುಲಭ. ಆದರೆ ಸೀರಂ ಬಿಟ್ಟ ದ್ರವಗಳಲ್ಲಿಯೂ ಸಾಮಾನ್ಯವಾಗಿ ದನದ ರಕ್ತದಿಂದ ಪಡೆದ ಆಲ್ಬುಮಿನ್ ಇರುತ್ತದೆ; ಅದು ಭ್ರೂಣಕ್ಕೆ ಅನುಕೂಲವಾಗಿಯೇ ಇರಬಹುದು. ಉಪಯೋಗವಾಯಿತೆಂದು ಹಿಂಸೆ ಅಹಿಂಸೆಯಾಗುವುದಿಲ್ಲ. ನಷ್ಟವಾದಾಗ ಮಾತ್ರ ಹಿಂಸೆಯನ್ನು ಖಂಡಿಸುವವನು ಖಂಡಿಸುತ್ತಿರುವುದು ನಷ್ಟವನ್ನೇ.

ಶ್ರಾವಕನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಅತಿಭಾರವೆಂದರೆ ಎತ್ತಿನ ಗಾಡಿಗೆ ಹೆಚ್ಚು ಮೂಟೆ ಹೇರುವುದೆಂದು ಹಿಂದಿನವರು ಅರ್ಥ ಮಾಡಿಕೊಂಡರು. ತನ್ನದಲ್ಲದ ಭ್ರೂಣವನ್ನು ಹೊತ್ತು, ಹೆರಲಾಗದ ಗಾತ್ರದ ಕರುವಿನೊಡನೆ ಹೋರಾಡುವ ಬಡಕಲು ಹಸುವಿನ ಮೇಲೆ ಹೇರಿದ ಭಾರವು ಯಾವ ಮೂಟೆಗೆ ಕಡಿಮೆ?

ಇದಕ್ಕೆ ಎದುರಾಗಿ ಹೇಳಬಹುದಾದ ಮಾತುಗಳೂ ಬಲವಾದವೇ. ಹೆಚ್ಚು ಹಾಲು ಕೊಡುವ ಕೆಲವೇ ಹಸುಗಳಿದ್ದರೆ ಮೇವಿಲ್ಲದೆ ಸೊರಗುವ ಅನೇಕ ಹಸುಗಳು ಇರಬೇಕಾಗಿಲ್ಲ. ನಶಿಸುತ್ತಿರುವ ದೇಶಿ ತಳಿ ಉಳಿಯುತ್ತದೆ. ಎರಡು ಹಸುವಿನ ಒಡೆಯನ ಮಕ್ಕಳು ಓದುತ್ತಾರೆ. ಇವನ್ನು ತಳ್ಳಿಹಾಕುವುದು ಅನ್ಯಾಯ. ಆದರೆ ಲೆಕ್ಕ ಬಲ್ಲವರಿಗೆ ಒಂದು ನಿಯಮ ಗೊತ್ತು: ಒಬ್ಬನ ಖಾತೆಯ ನಷ್ಟವನ್ನು ಇನ್ನೊಬ್ಬನ ಖಾತೆಯ ಲಾಭದಿಂದ ತೀರಿಸಲಾಗದು. ನೂರು ಕರುಗಳು ಚೆನ್ನಾಗಿ ಹುಟ್ಟಿದವೆಂಬುದು ಹೆರಿಗೆಯಲ್ಲಿ ಸತ್ತ ಒಂದು ಹಸುವಿಗೆ ಸಂದ ಪಾವತಿಯಲ್ಲ. ಆ ಬಾಕಿ ಬಾಕಿಯಾಗಿಯೇ ಉಳಿಯುತ್ತದೆ. ಅದನ್ನು ಹೊರಬೇಕಾದವರು ಲಾಭ ಪಡೆದವರು.

ಪ್ರಯೋಗಾಲಯದ ಹತ್ತಿರ ಸುಳಿಯದವರೂ ತಾವು ದೂರವೆಂದು ತಿಳಿಯಬೇಕಾಗಿಲ್ಲ. ಎರಡನೆಯ ಮಹಾಯುದ್ಧದಲ್ಲಿ, 1944-45ರ ಚಳಿಗಾಲದಲ್ಲಿ, ಹಾಲೆಂಡಿನ ಜನ ತೀವ್ರವಾದ ಹಸಿವಿಗೆ ಸಿಕ್ಕಿದರು. ಆಗ ಗರ್ಭ ಕಟ್ಟಿ ಹುಟ್ಟಿದವರನ್ನು ಸುಮಾರು ಅರವತ್ತು ವರ್ಷಗಳ ಅನಂತರ ಪರೀಕ್ಷಿಸಿದಾಗ, ಬೆಳವಣಿಗೆಗೆ ಸಂಬಂಧಿಸಿದ ವಂಶವಾಹಿಯೊಂದರ ಮೇಲೆ ಮೀಥೈಲ್ ಗುರುತುಗಳು ಕಡಿಮೆಯಿದ್ದವೆಂದು 2008ರಲ್ಲಿ ಪ್ರಕಟವಾಯಿತು. ಹುಟ್ಟುವ ಮೊದಲು ಕಂಡ ಹಸಿವಿನ ಗುರುತು ಮುಪ್ಪಿನವರೆಗೂ ಉಳಿದಿತ್ತು. ಆದುದರಿಂದ ಬರಗಾಲದಲ್ಲಿ ಗಬ್ಬದ ಹಸುವಿಗೆ ಒಣಹುಲ್ಲನ್ನೂ ಕೊಡದ ಮನೆ, ಬಸುರಿ ಕೂಲಿಯವಳಿಂದ ಮೂಟೆ ಹೊರಿಸುವ ಮಂಡಿ, ಇವೂ ಕಾಣದ ಜೀವಕ್ಕೆ ಮಡಿ ಸಿದ್ಧಪಡಿಸುತ್ತಿರುವ ಜಾಗಗಳೇ. ಅನ್ನಪಾನನಿರೋಧದ ಅತಿಚಾರಕ್ಕೆ ಸೂಕ್ಷ್ಮದರ್ಶಕ ಬೇಕಾಗಿಲ್ಲ.

ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳಿಂದ ಪಾಪವು ಪ್ರವೇಶಿಸುತ್ತದೆಂಬುದು ಸರ್ವರಿಗೂ ತಿಳಿದ ವಿಷಯ. ಗೋಶಾಲೆಯ ಅಥವಾ ಬಸದಿಯ ಟ್ರಸ್ಟು ತಳಿ ಸುಧಾರಣೆಗೆ ಹಣ ಕೊಟ್ಟರೆ ಅದು ಕಾರಿತ. ಸಭೆಯಲ್ಲಿ ಹಾರ ಹಾಕಿ ಹೊಗಳಿದರೆ ಅನುಮೋದಿತ. ಆದಕಾರಣ ಇಂಥ ಪ್ರಸ್ತಾಪ ಬಂದಾಗ ಟ್ರಸ್ಟಿನವರು ಸಹಿ ಮಾಡುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳುವುದು ಧರ್ಮ. ಅಂಡಗಳು ಎಲ್ಲಿಂದ ಬಂದವು, ಬದುಕಿರುವ ಹಸುವಿನಿಂದಲೋ ಕಸಾಯಿಖಾನೆಯಿಂದಲೋ? ಒಂದು ಹಸುವಿಗೆ ಎಷ್ಟು ಸಲ ಸೂಜಿ ಚುಚ್ಚಲಾಗುತ್ತದೆ? ಪೋಷಕ ದ್ರವದಲ್ಲಿ ಏನಿದೆ? ಭ್ರೂಣ ಹೊರುವ ಹಸು ಆ ತಳಿಯ ಕರುವನ್ನು ಹೆರಲು ಶಕ್ತವೇ? ಹೆರಿಗೆಯ ದಿನ ಪಶುವೈದ್ಯರು ಬರುತ್ತಾರೆಯೇ? ಊನವಾಗಿ ಹುಟ್ಟಿದ ಕರುವನ್ನು ಅದರ ಆಯುಷ್ಯ ತೀರುವವರೆಗೆ ಸಾಕುವವರು ಯಾರು?

ಇವಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಹಣ ಕೊಡದಿರುವುದೇ ಲೇಸು. ಆ ಹಣದಿಂದ ಇರುವ ಹಸುಗಳಿಗೆ ಬೇಸಿಗೆಯ ಮೇವು ಕೊಳ್ಳಬಹುದು. ಉತ್ತರ ಸಿಕ್ಕಿ ಟ್ರಸ್ಟು ಒಪ್ಪಿದರೂ ಅಲ್ಲಿಗೆ ಹೊಣೆ ಮುಗಿಯದು. ವರ್ಷದ ವರದಿಯಲ್ಲಿ ಹುಟ್ಟಿದ ಕರುಗಳ ಸಂಖ್ಯೆ ದಪ್ಪಕ್ಷರದಲ್ಲಿ ಬರುತ್ತದೆ. ಅದರ ಪಕ್ಕದಲ್ಲಿ ಕಂದು ಹಾಕಿದ ಹಸುಗಳು, ಸತ್ತು ಹುಟ್ಟಿದ ಕರುಗಳು, ಹೆರಿಗೆಯಲ್ಲಿ ಹೋದ ತಾಯಂದಿರು ಎಷ್ಟೆಂಬ ಕಾಲಮ್ಮೂ ಇರಬೇಕೆಂದು ಟ್ರಸ್ಟಿಗಳು ಪಟ್ಟು ಹಿಡಿಯಬೇಕು. ಖರ್ಚಿನ ಪುಟವಿಲ್ಲದ ಜಮಾಖರ್ಚಿಗೆ ದಾವಣಗೆರೆಯ ಯಾವ ವರ್ತಕನೂ ಸಹಿ ಹಾಕುವುದಿಲ್ಲ. ಜೀವಗಳ ಲೆಕ್ಕಕ್ಕೂ ಅಷ್ಟೇ ಕಟ್ಟುನಿಟ್ಟು ಇರಲಿ.