ಏನೂ ಕೊಡದವರ ಮುಂದೆ

ಉಡುಪಿ ಜಿಲ್ಲೆಯ ವರಂಗದ ಕೆರೆ ಬಸದಿಗೆ ದೋಣಿಯಲ್ಲೇ ಹೋಗಬೇಕು. ಸುತ್ತ ನೀರು, ಒಳಗೆ ನಾಲ್ಕು ದಿಕ್ಕಿಗೆ ಮುಖ ಮಾಡಿದ ತೀರ್ಥಂಕರರು. ಬೆಂಗಳೂರಿಂದ ಅಷ್ಟು ದೂರ ಹೋದ ಮೇಲೆ ಏನಾದ್ರೂ ಕೇಳ್ಕೋಬೇಕಲ್ವಾ? ಪ್ರಮೋಷನ್ನು, ಅಮ್ಮನ ರಿಪೋರ್ಟು, ನನ್ನ ಪಟ್ಟಿಯೂ ರೆಡಿ ಇತ್ತು.

ಆದರೆ ಜೈನರ ಪ್ರಕಾರ ತೀರ್ಥಂಕರರು ವೀತರಾಗರು. ಹೊಗಳಿದರೆ ಒಲಿಯೋದಿಲ್ಲ, ಮರೆತರೆ ಮುನಿಯೋದಿಲ್ಲ, ವರವನ್ನೂ ಕೊಡೋದಿಲ್ಲ. ನಮ್ಮ ಕಷ್ಟಸುಖ ಹೇಳಿಕೊಳ್ಳೋಕೆ ಪದ್ಮಾವತಿಯಂಥ ಯಕ್ಷಿಯರಿದ್ದಾರೆ. ಅಮ್ಮನಿಗಾಗಿ ಅಲ್ಲಿ ಬೇಡಿಕೊಂಡೆ. ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಹಾಗಾದ್ರೆ ತೀರ್ಥಂಕರರಿಗೆ ಕೈಮುಗಿಯೋದು ಯಾಕೆ? ಅವರ ಗುಣ ನಮಗೂ ಬರಲಿ ಅಂತ, ಅಷ್ಟೇ. ಕೇಳೋಕೇನೂ ಇಲ್ಲದೆ ಒಬ್ಬರ ಮುಂದೆ ನಿಲ್ಲೋದು ನಮಗೆ ಅಭ್ಯಾಸ ತಪ್ಪಿದೆ. ಫೋನ್ ಮಾಡೋದೂ ಕೆಲಸವಿದ್ದಾಗಲೇ. ಕೆಲಸವಿಲ್ಲದೆಯೂ ಹೋಗಿ ಕೂರುವ ಮನೆಗಳು ನಮಗೆ ಎಷ್ಟು ಉಳಿದಿವೆ?