ಒಸರುವ ನೀರು ಯಾರದು?

ದಕ್ಷಿಣ ಕನ್ನಡ, ಕಾಸರಗೋಡಿನ ಗುಡ್ಡಗಾಡಿನಲ್ಲಿ ಸುರಂಗವೆಂದರೆ ರೈಲಿನ ದಾರಿಯಲ್ಲ, ನೀರಿನ ದಾರಿ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ನುಸುಳುವಷ್ಟು ಅಗಲಕ್ಕೆ ಪಿಕ್ಕಾಸಿನಿಂದ ಕೊರೆಯುತ್ತಾ ಹೋಗುತ್ತಾರೆ. ಒಳಗೆ ಒರತೆ ಕಂಡ ದಿನ ಆ ಮನೆಗೆ ಹಬ್ಬ. ನೀರು ಪಂಪಿನ ಹಂಗಿಲ್ಲದೆ ತಾನಾಗಿ ಅಂಗಳಕ್ಕೆ ಹರಿದು ಬರುತ್ತದೆ. ಅದೇ ಒರತೆ ರೈಲಿನ ಸುರಂಗದಲ್ಲಿ ಕಂಡರೆ ಇಂಜಿನಿಯರರ ನಿದ್ದೆ ಹಾರಿಹೋಗುತ್ತದೆ.

ಏಕೆಂದರೆ ಗುಡ್ಡದೊಳಗಿನ ನೀರು ಸುಮ್ಮನೆ ನಿಂತಿರುವುದಿಲ್ಲ, ಒತ್ತುತ್ತದೆ. ಹತ್ತು ಮೀಟರು ಎತ್ತರಕ್ಕೆ ನಿಂತ ನೀರು ಗೋಡೆಯ ಒಂದೊಂದು ಚದರ ಮೀಟರಿನ ಮೇಲೂ ಸುಮಾರು 10 ಟನ್ ಭಾರ ಹೇರುತ್ತದೆ. ನೂರು ಮೀಟರಾದರೆ 100 ಟನ್. ಇದಕ್ಕೆ ಉಪಾಯ ಎರಡು. ಒಂದು, ಗೋಡೆಯ ಹಿಂದೆ ಕೊಳವೆಯಿಟ್ಟು ನೀರನ್ನು ಹರಿಯಲು ಬಿಡುವುದು. ಆಗ ಒತ್ತಡ ಇಳಿಯುತ್ತದೆ, ಗೋಡೆ ಅಷ್ಟು ದಪ್ಪ ಇರಬೇಕಾಗಿಲ್ಲ. ಇನ್ನೊಂದು, ಒಂದು ಹನಿಯೂ ಬಾರದಂತೆ ಮುಚ್ಚುವುದು. ಆಗ ಪೂರ್ತಿ ಭಾರವನ್ನು ಗೋಡೆಯೇ ಹೊರಬೇಕು. ಬರುವ ನೀರು ತಿಳಿಯೋ ಕೆಂಪೋ ಎಂದೂ ನೋಡುತ್ತಾರಂತೆ. ಕೆಂಪಾಗಿದ್ದರೆ ಅದು ಹಿಂದಿನ ಮಣ್ಣನ್ನೇ ಹೊತ್ತು ತರುತ್ತಿದೆ, ಗೋಡೆಯ ಬೆನ್ನು ಟೊಳ್ಳಾಗುತ್ತಿದೆ ಎಂದರ್ಥ.

ಇದನ್ನು ಓದುವಾಗ ನನಗೆ ನೆನಪಾದವರು ನಮ್ಮ ದೊಡ್ಡಮ್ಮ. ಮೂವತ್ತು ವರ್ಷ ಗಂಡನ ಮನೆಯ ಒಂದು ಮಾತನ್ನೂ ಅವರು ಹೊಸಿಲು ದಾಟಿಸಲಿಲ್ಲ. ಗಟ್ಟಿ ಹೆಂಗಸು ಎಂದು ಊರು ಹೊಗಳಿತು. ಆ ಗಟ್ಟಿತನದ ಹಿಂದೆ ಎಷ್ಟು ಟನ್ ನಿಂತಿತ್ತೋ, ಅಳೆದವರಿಲ್ಲ. ಈಗ ಕಾಲ ಬದಲಾಗಿದೆ. ಮನಸ್ಸಿನಲ್ಲಿಟ್ಟುಕೊಳ್ಳಬೇಡ, ಹೇಳಿಕೊಂಡರೆ ಹಗುರಾಗುತ್ತದೆ ಎನ್ನುತ್ತೇವೆ. ಒಳ್ಳೆಯ ಮಾತೇ. ಆದರೆ ಹರಿಯಬಿಟ್ಟ ನೀರು ಎಲ್ಲಿಂದಲೋ ಬಂದದ್ದಲ್ಲವೇ? ಅದು ಯಾರ ಬಾವಿಯದು?

ಸ್ವೀಡನ್ನಿನಲ್ಲಿ ಹಲ್ಲಂಡ್ಸೋಸ್ ಎಂಬ ಗುಡ್ಡವಿದೆ. ಅದರಡಿ 8.7 ಕಿಲೋಮೀಟರಿನ ರೈಲು ಸುರಂಗ ಕೊರೆಯುವ ಕೆಲಸ 1992ರಲ್ಲಿ ಆರಂಭವಾಯಿತು. ಬಂಡೆಯ ಬಿರುಕುಗಳಿಂದ ನೀರು ನುಗ್ಗಿತು, ಮೇಲಿನ ರೈತರ ಬಾವಿಗಳು ಬತ್ತತೊಡಗಿದವು. ಬೇಗ ಬೇಗ ಬಿರುಕು ಮುಚ್ಚಬೇಕೆಂದು 1997ರಲ್ಲಿ ಅಕ್ರಿಲಮೈಡ್ ಇದ್ದ ರಾಸಾಯನಿಕವೊಂದನ್ನು ಒಳಗೆ ತುಂಬಿದರು. ಅದು ಪೂರ್ತಿ ಗಟ್ಟಿಯಾಗದೆ ತೊರೆಗೆ ಸೋರಿತು. ಮೀನುಗಳು ಸತ್ತವು, ತೊರೆಯ ನೀರು ಕುಡಿದ ಹಸುಗಳು ನಿಲ್ಲಲಾರದೆ ಕುಸಿದವು. ಕೆಲಸಗಾರರ ಕೈಕಾಲುಗಳಿಗೆ ಜೋಮು ಹಿಡಿಯಿತು. ಸುತ್ತಲಿನ ಹಾಲನ್ನು ಕೊಳ್ಳುವವರಿಲ್ಲದಂತಾಯಿತು. ಕೆಲಸ ನಿಂತುಹೋಯಿತು.

ನನ್ನ ಗೆಳತಿಯೊಬ್ಬಳು ಗಂಡನ ಮೇಲಿನ ದೂರನ್ನೆಲ್ಲ ರಾತ್ರಿ ಪಾತ್ರೆ ತೊಳೆಯುತ್ತಾ ಹನ್ನೆರಡು ವರ್ಷದ ಮಗಳ ಮುಂದೆ ತೋಡಿಕೊಳ್ಳುತ್ತಿದ್ದಳು. ಬೆಳಿಗ್ಗೆ ಅವಳು ಹಗುರಾಗಿ ಏಳುತ್ತಿದ್ದಳು. ಹುಡುಗಿ ಮಾತ್ರ ಅಪ್ಪನ ಮುಖ ನೋಡದೆ ಶಾಲೆಗೆ ಹೋಗುತ್ತಿದ್ದಳು. ತಾಯಿಯ ಒತ್ತಡ ಇಳಿಯಿತು, ಮಗಳ ಬಾವಿ ಬತ್ತಿತು. ಹಾಗೆಂದು ಅವಳ ಅತ್ತೆ ಹೇಳಿದಂತೆ “ಹೋಗಲಿ ಬಿಡು, ಹೊಂದಿಕೊಂಡು ಹೋಗು” ಎಂದು ಬಾಯಿ ಮುಚ್ಚಿಸಿದರೆ? ಅದು ಬೇಗ ಮುಚ್ಚುವ ರಾಸಾಯನಿಕ. ಎಲ್ಲಿ ಸೋರಿ ಯಾರನ್ನು ಕೆಡವುತ್ತದೆಂದು ಮೊದಲೇ ತಿಳಿಯುವುದಿಲ್ಲ. ಸಿಡುಕಾಗಿ ಮಕ್ಕಳ ಮೇಲೆ ಬೀಳಬಹುದು, ರೋಗವಾಗಿ ಅವಳ ಮೈಯಲ್ಲೇ ಉಳಿಯಬಹುದು.

ಹಲ್ಲಂಡ್ಸೋಸ್ ಕೊನೆಗೂ ಮುಗಿಯಿತು, 2015ರ ಡಿಸೆಂಬರಿನಲ್ಲಿ. ಕಾಂಕ್ರೀಟಿನ ಬಳೆಗಳನ್ನು ಒಂದರ ಪಕ್ಕ ಒಂದು ಜೋಡಿಸಿದರು. ತೀರ ಕೆಟ್ಟ ಕಡೆ ನೆಲವನ್ನೇ ಹೆಪ್ಪುಗಟ್ಟಿಸಿ ಮುಂದೆ ಸಾಗಿದರು. ಕೊರೆಯುವಾಗ ಒಳಬರುವ ನೀರು ಸರಾಸರಿ ಸೆಕೆಂಡಿಗೆ 100 ಲೀಟರು ಮೀರಬಾರದೆಂದು ನ್ಯಾಯಾಲಯ ಮಿತಿ ಹಾಕಿತ್ತು. ನನಗೆ ಹಿಡಿಸಿದ್ದು ಈ ಮಿತಿ. ಒಂದು ಹನಿಯೂ ಬರಕೂಡದು ಎಂದು ಅದು ಹೇಳಲಿಲ್ಲ, ಬಂದಷ್ಟು ಬರಲಿ ಎಂದೂ ಬಿಡಲಿಲ್ಲ. ಅಳೆಯಿರಿ, ಮೇಲಿನ ಬಾವಿಗಳನ್ನು ನೆನಪಿಡಿ ಎಂದಿತು.

ನಮಗೆ ಅಂಥ ನ್ಯಾಯಾಲಯವಿಲ್ಲ, ನಾವೇ ಅಳೆದುಕೊಳ್ಳಬೇಕು. ದುಃಖ ಹೇಳಿಕೊಳ್ಳುವುದು ತಪ್ಪಲ್ಲ, ಅದು ಗೋಡೆ ನಿಲ್ಲಲು ಬೇಕಾದದ್ದು. ಆದರೆ ಕೇಳುವವರು ಅದನ್ನು ತಾಳಬಲ್ಲ ವಯಸ್ಸಿನವರೇ, ಬೇಡವೆನ್ನುವ ಸ್ವಾತಂತ್ರ್ಯ ಅವರಿಗಿದೆಯೇ ಎಂದು ನೋಡಬೇಕು. ಅಕ್ಕನಿಗೆ ಹೇಳಬಹುದಾದದ್ದನ್ನು ಮಗಳಿಗೆ ಹೇಳಬಾರದು. ನಮ್ಮ ಮಾತು ತಿಳಿಯಾಗಿ ಬರುತ್ತಿದೆಯೋ, ಮಣ್ಣು ಕಲಸಿಕೊಂಡು ಬರುತ್ತಿದೆಯೋ ಎಂಬುದನ್ನೂ ಆಗಾಗ ನೋಡಿಕೊಳ್ಳಬೇಕು. ಮಣ್ಣು ಬರುತ್ತಿದ್ದರೆ ಕೇಳುವವರಷ್ಟೇ ಸಾಲದು, ಗೋಡೆಯ ರಿಪೇರಿಗೆ ಯಾರನ್ನಾದರೂ ಕರೆಯುವ ಹೊತ್ತು ಬಂದಿದೆ.