ಜಾಹೀರಾತಿನ ಹಾಡು, ಸ್ಮೃತಿಯ ಋಣ

1981ರಲ್ಲಿ ಬೆಂಗಳೂರು ದೂರದರ್ಶನ ಆರಂಭವಾದ ಮೇಲಿನ ದಶಕಗಳಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಯ ಮಕ್ಕಳ ಕಿವಿಗೆ ಬಿದ್ದ ನಿರ್ಮಾ, ವಿಕೋ ವಜ್ರದಂತಿ ಜಾಹೀರಾತಿನ ಹಾಡುಗಳು ಇಂದಿಗೂ ಅವರ ನಾಲಿಗೆಯ ಮೇಲಿವೆ. ಸರಕು ಮಾರಲೆಂದು ಹುಟ್ಟಿದ ರಾಗದ ಮೇಲಿನ ಈ ಹಂಬಲಕ್ಕೆ ಬೆಲೆಯಿದೆಯೇ? ಪತಂಜಲಿಯ ಯೋಗಸೂತ್ರ ಸ್ಮೃತಿಯನ್ನು ಚಿತ್ತದ 5 ವೃತ್ತಿಗಳಲ್ಲಿ, ಅಂದರೆ ಮನಸ್ಸಿನ ಚಲನೆಗಳಲ್ಲಿ, ಒಂದೆಂದು ಎಣಿಸುತ್ತದೆ. ವೃತ್ತಿಗಳು ಕ್ಲೇಶ ತರುವಂಥವೂ ಇವೆ, ತರದಂಥವೂ ಇವೆ ಎನ್ನುತ್ತದೆ. ಹಾಗಾದರೆ ನೆನಪಿನ ಯೋಗ್ಯತೆಯನ್ನು ಅದು ನಮ್ಮನ್ನು ಎತ್ತ ಒಯ್ಯುತ್ತದೆ ಎಂಬುದರಿಂದ ಅಳೆಯಬೇಕು. ಸೋಪಿನ ಪುಡಿ ಕೊಳ್ಳುವ ಆಸೆ ಎಂದೋ ಆರಿದೆ. ಉಳಿದಿರುವುದು ಬೀದಿಯ ಹಲವರು ಒಂದೇ ಟಿವಿಯ ಮುಂದೆ ಕೂಡಿ ಕೇಳಿದ ಹೊತ್ತು.

ಇದು ಬರಿಯ ಮೋಹ, ಪದೇ ಪದೇ ಕೇಳಿಸಿ ಕಂಪನಿಗಳು ಒತ್ತಿದ ಅಚ್ಚು ಎನ್ನುವವರಿದ್ದಾರೆ. ಅಚ್ಚೊತ್ತಿದ್ದು ನಿಜ, ಆದರೆ ಅಂಥ ಅಚ್ಚನ್ನು, ಅಂದರೆ ಸಂಸ್ಕಾರವನ್ನು, ಬಿತ್ತಿದವನೇ ಅದರ ಫಲಕ್ಕೆಲ್ಲ ಒಡೆಯನಾಗುವುದಿಲ್ಲ. ಎಲ್ಲರ ಮನೆಯಲ್ಲೂ ಟಿವಿ ಇರಲಿಲ್ಲ, ಕೆಲವರು ಕಿಟಕಿಯಾಚೆ ನಿಂತೇ ನೋಡಬೇಕಾಯಿತು ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅದನ್ನು ಮರೆತು ಆ ಕಾಲವನ್ನೇ ಕೊಂಡಾಡಿದರೆ ಹಂಬಲ ಸುಳ್ಳಾಗುತ್ತದೆ, ಕ್ಲೇಶಕ್ಕೂ ದಾರಿಯಾಗುತ್ತದೆ. ಒಳಗೆ ಕೂತವರನ್ನೂ ಹೊರಗೆ ನಿಂತವರನ್ನೂ ಒಟ್ಟಿಗೆ ನೆನೆಯುವ ಸ್ಮೃತಿಯಷ್ಟೇ ಇಂದಿನ ನಮ್ಮ ಬಾಗಿಲುಗಳನ್ನು ತೆರೆಯಲು ಕಲಿಸೀತು. ಅಂಥ ನೆನಪನ್ನು ನೆರೆಹೊರೆಗೆ ತೀರಿಸಬೇಕಾದ ಋಣವೆಂದು ಹೊರುವುದೇ ಸರಿ.